ಕೊರೊನಾದಲ್ಲಿ ಜೀವ ಉಳಿದದ್ದು ಹೇಗೆ?

ಅರಸರ ಕಥೆ ಹಾಡಿದ ಹಾಗೆ ರೋಗದ ಕಥೆಯನ್ನೂ ಬರೆದಿಡಬೇಕು ಅಂತ ನನಗೆ ಕಾಣುತ್ತದೆ. ಮುಂದಿನ ಮಕ್ಕಳಿಗೆ ಬೇಕಾಗುತ್ತದೆ.

2020ರ ಫೆಬ್ರವರಿಯಲ್ಲಿ ವುಹಾನಿನಿಂದ ಬಂದ ವಿದ್ಯಾರ್ಥಿಯೊಬ್ಬರಲ್ಲಿ ಕೊರೊನಾ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕಾಣಿಸಿತು. ದೇಶದಲ್ಲಿ ಅದು ಮೂರನೆಯದು. ಆ ರೋಗಿ ಗುಣವಾದರು. ಮಾರ್ಚಿನಲ್ಲಿ ತಲಪಾಡಿ ಗಡಿ ಮುಚ್ಚಿತು. ದೊಡ್ಡ ಕಾಯಿಲೆಗೆಲ್ಲ ಮಂಗಳೂರನ್ನೇ ನಂಬಿದವರು ನಾವು. ಗಡಿ ದಾಟಲಾಗದೆ ಬೇರೆ ಕಾಯಿಲೆಯವರೂ ತೀರಿಹೋದರು. ಏಪ್ರಿಲಿನಲ್ಲಿ ತಿರುವನಂತಪುರದಿಂದ ಡಾಕ್ಟರರ ತಂಡ ಬಂತು, ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡ ಕೊರೊನಾ ಆಸ್ಪತ್ರೆಯಾಯಿತು.

ಆಸ್ಪತ್ರೆ ಸೇರಿದವರಲ್ಲಿ ಉಳಿದವರು ಯಾರು? ಎಲ್ಲಕ್ಕಿಂತ ದೊಡ್ಡ ಕಾರಣ ಪ್ರಾಯ. ನನ್ನ ಹಾಗೆ ಅರುವತ್ತು ದಾಟಿದವರಿಗೆ ಅಪಾಯ ಜಾಸ್ತಿ. ಹೆಂಗಸರಿಗಿಂತ ಗಂಡಸರು ಹೆಚ್ಚು ಸತ್ತರು. ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಕಿಡ್ನಿ ತೊಂದರೆ, ಬೊಜ್ಜು ಇದ್ದವರಿಗೂ ಕಷ್ಟವೇ. ಇನ್ನೊಂದು ಮೋಸದ ಸಂಗತಿ: ರಕ್ತದಲ್ಲಿ ಆಮ್ಲಜನಕ ಇಳಿದರೂ ಕೆಲವರಿಗೆ ಉಸಿರು ಕಟ್ಟಿದ್ದು ಗೊತ್ತೇ ಆಗುತ್ತಿರಲಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಅಂಕೆ 94ಕ್ಕಿಂತ ಕೆಳಗಿಳಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕಿತ್ತು.

ಮದ್ದಿನ ವಿಷಯ. ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಮದ್ದು ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರರಲ್ಲಿ ಒಂದು ಪಾಲು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿತೆಂದು 2020ರ ಜೂನಿನಲ್ಲಿ ಇಂಗ್ಲೆಂಡಿನವರು ಪರೀಕ್ಷೆ ಮಾಡಿ ತೋರಿಸಿದರು. ಆಮ್ಲಜನಕ ಬೇಡದವರಿಗೆ ಅದರಿಂದ ಗುಣವಿಲ್ಲ. 2021ರಲ್ಲಿ ಲಸಿಕೆ ಬಂತು. ಹಾಕಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆಯಾಯಿತು.

ಪ್ರಾಯ ನಮ್ಮ ಕೈಯಲ್ಲಿಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಲಸಿಕೆ, ತಡಮಾಡದೆ ಹೋಗುವುದು ನಮ್ಮ ಕೈಯಲ್ಲಿದೆ. ಹತ್ತಿರದಲ್ಲೇ ಒಳ್ಳೆಯ ಆಸ್ಪತ್ರೆ ಬೇಕೆಂದು ಕೇಳುವುದೂ ನಮ್ಮ ಕೈಯಲ್ಲೇ ಇದೆ.