ಕುರುಬರು (ಹಿಂದೂಪುರ–ಕಲ್ಯಾಣದುರ್ಗ ಸೀಮೆ)

ಕುರುಬರು ದಖ್ಖನಿನ ದೊಡ್ಡ ಕುರಿಗಾಹಿ ಸಮುದಾಯ. ಆಂಧ್ರಪ್ರದೇಶದ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗ, ರಾಯದುರ್ಗಗಳ ಬಯಲುಸೀಮೆಯಲ್ಲೂ ಇವರು ತಲೆತಲಾಂತರದಿಂದ ನೆಲೆಸಿದ್ದಾರೆ.

ಹೆಸರು: ‘ಕುರಿ’ಯಿಂದ ‘ಕುರುಬ’ ಬಂದಿತೆಂಬುದು ಹೆಚ್ಚು ಬಳಕೆಯಲ್ಲಿರುವ ವಿವರಣೆ. ಜರ್ಮನ್ ವಿದ್ವಾಂಸ ಗುಸ್ಟಾವ್ ಓಪರ್ಟ್ 1893ರಲ್ಲಿ ಈ ಹೆಸರನ್ನು ಬೆಟ್ಟವೆಂಬ ಅರ್ಥದ ಧಾತುವಿಗೆ ಜೋಡಿಸಿದ. ತಮಿಳಿನ ‘ಕುರುಂಬರ್’ ಜೊತೆಗಿನ ನಂಟೂ ಚರ್ಚೆಯಲ್ಲಿದೆ. ತೆಲುಗಿನಲ್ಲಿ ಇವರನ್ನು ‘ಕುರುಮ’ರೆಂದೂ ಕರೆಯುತ್ತಾರೆ. ತೆಲುಗಿನಲ್ಲಿ ಕುರಿಗೆ ‘ಗೊರ್ರೆ’ ಎನ್ನುವುದರಿಂದ ಹೆಸರಿನೊಳಗಿನ ಕುರಿ ಕನ್ನಡದ ಕಿವಿಗಷ್ಟೇ ಕೇಳಿಸುತ್ತದೆ. ತಮ್ಮ ಪರಂಪರೆಯನ್ನು ಇವರು ‘ಹಾಲುಮತ’ ಎನ್ನುತ್ತಾರೆ. ಮೂಲಪುರುಷ ಉಂಡಾಡು ಪದ್ಮಣ್ಣನ ಕಾಲದಲ್ಲಿ ಹುತ್ತದೊಳಗಿಂದ ಕುರಿಗಳು ಹೊರಬಂದವೆಂಬುದು ಹಾಲುಮತದ ಪುರಾಣ. ಬೀರಪ್ಪ ಕುಲದೈವ. ಮದುವೆಯಲ್ಲಿ ಕಟ್ಟುವ ದಾರವನ್ನು ನೋಡಿ ಹತ್ತಿಕಂಕಣ, ಉಣ್ಣೆಕಂಕಣ ಎಂಬ ಒಳಪಂಗಡಗಳನ್ನು ಗುರುತಿಸುವುದುಂಟು.

ಭಾಷೆ: ಇಲ್ಲಿ ಕನ್ನಡ ವಲಸೆ ಬಂದ ನುಡಿಯಲ್ಲ. ಮಡಕಶಿರ ಸೀಮೆಯ ಹೇಮಾವತಿ, ಅಂದರೆ ಹಿಂದಿನ ಹೆಂಜೇರು, ನೊಳಂಬ ಅರಸರ ರಾಜಧಾನಿಯಾಗಿತ್ತು. ಅವರ ಕಾಲದ ಕನ್ನಡ ಶಾಸನಗಳು ಈ ಭಾಗದಲ್ಲಿ ಸಿಕ್ಕಿವೆ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾಯಿತು. 1953ರಲ್ಲಿ ಬಳ್ಳಾರಿಯ ಬಹುಭಾಗ ಮೈಸೂರಿಗೆ ಸೇರಿದರೆ ಅನಂತಪುರ ಹೊಸ ಆಂಧ್ರ ರಾಜ್ಯದ ಪಾಲಾಯಿತು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಹೀಗೆ ಗಡಿಗೆರೆಗಳು ಬದಲಾದರೂ ಗಡಿಹಳ್ಳಿಗಳ ಎಷ್ಟೋ ಕುರುಬರ ಮನೆಗಳಲ್ಲಿ ಕನ್ನಡ ಉಳಿದಿದೆ. ಶಾಲೆ, ಸಂತೆ, ಕಚೇರಿಗಳಲ್ಲಿ ತೆಲುಗು.

ಕಸುಬು: ಕುರಿ ಸಾಕಣೆಯ ಜೊತೆಗೆ ಕಂಬಳಿ ನೇಯ್ಗೆ ಇವರ ಕುಲಕಸುಬು. ಕತ್ತರಿಸಿದ ಕರಿ ಉಣ್ಣೆಯನ್ನು ಹಿಂಜಿ, ನೂತು, ಹಾಸು ಹೂಡಿ, ಹುಣಸೆಬೀಜವನ್ನು ಅರೆದು ಕುದಿಸಿದ ಗಂಜಿಯನ್ನು ಎಳೆಗಳಿಗೆ ಬಳಿಯುತ್ತಾರೆ. ಗಂಜಿ ಉಂಡ ಎಳೆ ಗಟ್ಟಿಯಾಗಿ ಮಗ್ಗದ ಹೊಡೆತಕ್ಕೆ ಹರಿಯದೆ ನಿಲ್ಲುತ್ತದೆ. ಬೇಸಾಯಗಾರರು ಗೊಬ್ಬರಕ್ಕಾಗಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಮಾಂಸದ ಬೇಡಿಕೆ ಹೆಚ್ಚಿದಂತೆ ಉಣ್ಣೆಯ ದಖ್ಖನಿ ಕುರಿಯ ಜಾಗಕ್ಕೆ ಉಣ್ಣೆಯಿಲ್ಲದ ನೆಲ್ಲೂರು ತಳಿ ಬಂದಿದೆ. ಅದರೊಡನೆ ಮಗ್ಗಗಳೂ ಕಡಿಮೆಯಾಗಿವೆ.

ಮಗ್ಗ ನಿಂತರೆ ಕಂಬಳಿಯಷ್ಟೇ ಹೋಗುವುದಿಲ್ಲ, ಅದರ ಸುತ್ತಲಿನ ಕನ್ನಡ ಮಾತುಗಳೂ ಹೋಗುತ್ತವೆ. ನೇಯುವ ಕೈಗಳು ಇರುವಾಗಲೇ ಆ ಮಾತುಗಳನ್ನು ಬರೆದಿಟ್ಟುಕೊಳ್ಳಬೇಕು.