ಇಳಿಜಾರು ನೆಲ, ತಡವಾದ ಪೆಟ್ಟು: ಸ್ಟ್ಯಾಕ್ಸ್ ಸ್ಟುಡಿಯೊ ಕುರಿತ ಒಂದು ವಾದದ ಮರುಪರಿಶೀಲನೆ

ಅಮೆರಿಕದ ಮೆಂಫಿಸ್ ನಗರದ ಸ್ಟ್ಯಾಕ್ಸ್ ರೆಕಾರ್ಡ್ಸ್ ಬಗ್ಗೆ ಬರೆದವರೆಲ್ಲ ಕೊನೆಗೆ ಒಂದು ಕಟ್ಟಡದ ಬಾಗಿಲಿಗೆ ಬರುತ್ತಾರೆ. ಈಸ್ಟ್ ಮೆಕ್‌ಲೆಮೋರ್ ಅವೆನ್ಯೂವಿನ 926ನೇ ಸಂಖ್ಯೆಯಲ್ಲಿದ್ದ ಕ್ಯಾಪಿಟಲ್ ಎಂಬ ಹಳೆಯ ಚಿತ್ರಮಂದಿರ ಅದು. 1960ರಲ್ಲಿ ಅದನ್ನು ಸ್ಟುಡಿಯೊ ಮಾಡುವಾಗ ಕುರ್ಚಿಗಳನ್ನು ಕಿತ್ತರು, ನೆಲದ ಇಳಿಜಾರನ್ನು ಮಾತ್ರ ಹಾಗೆಯೇ ಬಿಟ್ಟರು. ಓಟಿಸ್ ರೆಡಿಂಗ್, ಸ್ಯಾಮ್ ಅಂಡ್ ಡೇವ್ ಅವರ ಹಾಡುಗಳಿಗೆ ವಿಶಿಷ್ಟ ನಾದ ಬಂದದ್ದು ಆ ಹಾಲ್‌ನಿಂದ ಎಂಬುದು ಇಂದು ಹೆಚ್ಚುಕಡಿಮೆ ಸರ್ವಸಮ್ಮತ. ಅಷ್ಟಕ್ಕೇ ನಿಂತಿದ್ದರೆ ನನ್ನ ತಕರಾರಿಲ್ಲ. ಆದರೆ ಜನಪ್ರಿಯ ಬರವಣಿಗೆ ಒಂದು ಹೆಜ್ಜೆ ಮುಂದೆ ಹೋಗಿ, ಸ್ಟ್ಯಾಕ್ಸ್ ಲಯದ ಗುರುತೇ ಆದ ತಡವಾದ ಬ್ಯಾಕ್‌ಬೀಟ್ ಕೂಡ ಆ ಹಾಲ್‌ನ ಅಳತೆಯಿಂದ ಹುಟ್ಟಿತು ಎನ್ನುತ್ತದೆ. ಇದನ್ನು ಒಪ್ಪಲಾಗದು ಎಂಬುದು ಈ ಲೇಖನದ ವಾದ.

ಹಿನ್ನೆಲೆಯನ್ನು ಚುಟುಕಾಗಿ ಹೇಳಬಹುದು. ಬ್ಯಾಂಕ್ ನೌಕರನೂ ಪಿಟೀಲುವಾದಕನೂ ಆಗಿದ್ದ ಜಿಮ್ ಸ್ಟೂವರ್ಟ್ 1957ರಲ್ಲಿ ಸ್ಯಾಟಲೈಟ್ ಎಂಬ ಹೆಸರಿನಲ್ಲಿ ಕಂಪನಿ ಶುರುಮಾಡಿದರು. ಅಕ್ಕ ಎಸ್ಟೆಲ್ ಆಕ್ಸ್‌ಟನ್ ಮನೆಯನ್ನು ಅಡವಿಟ್ಟು ಆಂಪೆಕ್ಸ್ ಮೋನೊ ರೆಕಾರ್ಡರ್ ಕೊಡಿಸಿದರು. ಬ್ರನ್ಸ್‌ವಿಕ್ ಎಂಬ ಊರಿನಲ್ಲಿ ಕೆಲಕಾಲ ನಡೆದ ಕೆಲಸ ಮೆಕ್‌ಲೆಮೋರ್‌ಗೆ ಬಂತು. ಚಿತ್ರಮಂದಿರದ ವೇದಿಕೆ ಕಂಟ್ರೋಲ್ ರೂಮ್ ಆಯಿತು, ತಿಂಡಿ ಮಾರುತ್ತಿದ್ದ ಮಳಿಗೆ ರೆಕಾರ್ಡ್ ಅಂಗಡಿಯಾಯಿತು. ಅಟ್ಲಾಂಟಿಕ್ ಕಂಪನಿಯ ಜೊತೆಗಿದ್ದ ವಿತರಣೆಯ ಒಪ್ಪಂದ 1968ರಲ್ಲಿ ಮುರಿದುಬಿತ್ತು. 1975ರ ಕೊನೆಯಲ್ಲಿ ಸ್ಟ್ಯಾಕ್ಸ್ ದಿವಾಳಿಯಾಯಿತು. ಕಟ್ಟಡವನ್ನು 1989ರಲ್ಲಿ ಕೆಡವಿದರು. 2003ರಲ್ಲಿ ಅದೇ ಜಾಗದಲ್ಲಿ ಎದ್ದ ವಸ್ತುಸಂಗ್ರಹಾಲಯದಲ್ಲಿ ಸ್ಟುಡಿಯೊವನ್ನು ಇಳಿಜಾರು ನೆಲದ ಸಮೇತ ಮತ್ತೆ ಕಟ್ಟಿದ್ದಾರೆ. ಪೀಟರ್ ಗುರಾಲ್ನಿಕ್ ಅವರ 1986ರ ಗ್ರಂಥ, ರಾಬ್ ಬೋಮನ್ ಅವರ 1997ರ ಗ್ರಂಥ, ರಾಬರ್ಟ್ ಗಾರ್ಡನ್ ಅವರ 2013ರ ಗ್ರಂಥಗಳು ಈ ಚರಿತ್ರೆಯನ್ನು ವಿವರವಾಗಿ ದಾಖಲಿಸಿವೆ. ಬೋಮನ್ 1995ರಲ್ಲಿ ‘ಪಾಪ್ಯುಲರ್ ಮ್ಯೂಸಿಕ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ ಸ್ಟ್ಯಾಕ್ಸ್ ಧ್ವನಿಮುದ್ರಣಗಳನ್ನು ಅಂಗಾಂಗವಾಗಿ ಬಿಡಿಸಿ ನೋಡಿದ ಮೊದಲ ಗಂಭೀರ ಪ್ರಯತ್ನಗಳಲ್ಲಿ ಒಂದು. ಅದರ ಋಣ ಈ ಲೇಖನದ ಮೇಲೂ ಇದೆ.

ಈಗ ವಿವಾದದ ವಿಷಯ. ನಾಲ್ಕೆಣಿಕೆಯ ಲಯದಲ್ಲಿ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಸ್ನೇರ್ ಡ್ರಮ್ ಮೇಲೆ ಬೀಳುವ ಪೆಟ್ಟೇ ಬ್ಯಾಕ್‌ಬೀಟ್. 1965ರ ನಂತರದ ಸ್ಟ್ಯಾಕ್ಸ್ ಹಾಡುಗಳಲ್ಲಿ ಈ ಪೆಟ್ಟು ಎಣಿಕೆಗಿಂತ ಕೂದಲೆಳೆಯಷ್ಟು ಹಿಂದೆ ಬೀಳುತ್ತದೆ. ಡ್ರಮ್ಮರ್ ಅಲ್ ಜಾಕ್ಸನ್ ಜೂನಿಯರ್ ಅವರ ಸ್ನೇರ್ ಮತ್ತು ಸ್ಟೀವ್ ಕ್ರಾಪರ್ ಅವರ ಗಿಟಾರ್ ಒಟ್ಟಿಗೆ ತಡಮಾಡುತ್ತವೆ. ಒಂದನೆಯ ಮತ್ತು ಮೂರನೆಯ ಎಣಿಕೆ ಮಾತ್ರ ತಮ್ಮ ಜಾಗದಲ್ಲೇ ಇರುತ್ತವೆ. ಹಾಡು ಕುಂಟುವುದಿಲ್ಲ, ಕಾಲಪ್ರಮಾಣ ಜಾರುವುದಿಲ್ಲ. ಆದರೂ ಕೇಳುವವರ ಮೈ ಪ್ರತಿ ಪೆಟ್ಟಿಗೂ ಒಂದು ಕ್ಷಣ ಕಾಯುತ್ತದೆ.

ಹಾಲ್ ಇದಕ್ಕೆ ಕಾರಣ ಎನ್ನುವವರ ತರ್ಕ ಹೀಗೆ: ಜಾಗ ದೊಡ್ಡದು, ವಾದಕರು ದೂರದೂರ ನಿಂತಿದ್ದರು, ಹೆಡ್‌ಫೋನ್ ಇರಲಿಲ್ಲ. ಒಬ್ಬರ ಸದ್ದು ಇನ್ನೊಬ್ಬರಿಗೆ ತಡವಾಗಿ ತಲುಪುತ್ತಿತ್ತು. ಆ ತಡವೇ ನುಡಿಸಾಣಿಕೆಗೆ ಇಳಿಯಿತು. ಕೇಳಲು ಸಹಜವಾಗಿದೆ, ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಇಬ್ಬರ ನಡುವೆ 7 ಮೀಟರ್ ಅಂತರವಿದ್ದರೆ ತಡ ಸುಮಾರು 20 ಮಿಲಿಸೆಕೆಂಡ್. ನಿಮಿಷಕ್ಕೆ 120 ಎಣಿಕೆಯ ಹಾಡಿನಲ್ಲಿ ಎಣಿಕೆಯಿಂದ ಎಣಿಕೆಗೆ 500 ಮಿಲಿಸೆಕೆಂಡ್ ಇರುವುದರಿಂದ 20 ಮಿಲಿಸೆಕೆಂಡ್ ನಗಣ್ಯವಲ್ಲ, ನಿಜ. ತೊಡಕಿರುವುದು ತಡದ ಗಾತ್ರದಲ್ಲಲ್ಲ, ಅದು ಎಲ್ಲೆಲ್ಲಿ ಬೀಳುತ್ತದೆ ಎಂಬುದರಲ್ಲಿ. ದೂರದಿಂದಾಗುವ ತಡ ಯಾವ ಎಣಿಕೆಯನ್ನೂ ಆರಿಸಿಕೊಳ್ಳುವುದಿಲ್ಲ. ಒಂದಕ್ಕೂ ಮೂರಕ್ಕೂ ಎಷ್ಟೋ, ಎರಡಕ್ಕೂ ನಾಲ್ಕಕ್ಕೂ ಅಷ್ಟೇ. ಇಬ್ಬರು ವಾದಕರು ಕಿವಿಯೊಂದನ್ನೇ ನಂಬಿ ಒಬ್ಬರನ್ನೊಬ್ಬರು ಹಿಂಬಾಲಿಸುತ್ತ ಹೋದರೆ ಇಡೀ ಹಾಡಿನ ವೇಗವೇ ಕ್ರಮೇಣ ಇಳಿಯಬೇಕು. ಸ್ಟ್ಯಾಕ್ಸ್ ಮುದ್ರಿಕೆಗಳಲ್ಲಿ ಕೇಳುವುದು ಅದಲ್ಲ. ಅಲ್ಲಿ ಎರಡು ಪೆಟ್ಟುಗಳು ಮಾತ್ರ ತಡವಾಗುತ್ತವೆ, ಉಳಿದೆರಡು ನೆಟ್ಟಗಿರುತ್ತವೆ. ಇದು ಕೈ ತಿಳಿದು ಮಾಡಿದ ಕೆಲಸ.

ಕಾಲಾನುಕ್ರಮವೂ ಹಾಲ್‌ನ ವಾದಕ್ಕೆ ಒದಗುವುದಿಲ್ಲ. ಇಳಿಜಾರು ನೆಲ 1960ರಿಂದಲೂ ಅಲ್ಲೇ ಇತ್ತು. ಜಾಕ್ಸನ್ ಮತ್ತು ಕ್ರಾಪರ್ 1962ರ ‘ಗ್ರೀನ್ ಆನಿಯನ್ಸ್’ ನುಡಿಸಿದ್ದು ಅದೇ ನೆಲದ ಮೇಲೆ. ಅದರಲ್ಲಿ ಮುಂದಿನ ವರ್ಷಗಳ ಆ ನಿಯಮಬದ್ಧ ತಡ ನನ್ನ ಕಿವಿಗೆ ಕೇಳುವುದಿಲ್ಲ. ಬದಲಾವಣೆಗೆ ಸ್ಪಷ್ಟ ಸಾಕ್ಷ್ಯ ಸಿಗುವುದು 1965ರ ಮೇ ತಿಂಗಳಲ್ಲಿ, ವಿಲ್ಸನ್ ಪಿಕೆಟ್ ಅವರ ‘ಇನ್ ದ ಮಿಡ್‌ನೈಟ್ ಅವರ್’ ಮುದ್ರಣದ ಹೊತ್ತಿಗೆ. ಪಿಕೆಟ್ ಅವರನ್ನು ಕರೆತಂದಿದ್ದ ಅಟ್ಲಾಂಟಿಕ್‌ನ ಜೆರ್ರಿ ವೆಕ್ಸ್‌ಲರ್ ಕಂಟ್ರೋಲ್ ರೂಮ್‌ನಿಂದ ಹೊರಗೆ ಬಂದರು. ಆಗ ಹುಡುಗ ಹುಡುಗಿಯರು ಕುಣಿಯುತ್ತಿದ್ದ ‘ಜರ್ಕ್’ ನೃತ್ಯವನ್ನು ವಾದಕರ ಎದುರಿಗೇ ಕುಣಿದು, ಪೆಟ್ಟಿನ ಒತ್ತು ಎಲ್ಲಿ ಬೀಳಬೇಕು ಎಂದು ಮೈಯಲ್ಲೇ ತೋರಿಸಿದರು. ಜಾಕ್ಸನ್ ಮತ್ತು ಕ್ರಾಪರ್ ಅದನ್ನು ಹಿಡಿದರು, ಮತ್ತೆ ಬಿಡಲಿಲ್ಲ. ವೆಕ್ಸ್‌ಲರ್ ನಿರ್ಮಾಪಕ. ಶ್ರೇಯಸ್ಸು ತಮ್ಮ ಕಡೆ ವಾಲುವಂತೆ ಕಥೆ ಹೇಳಲು ಅವರಿಗೆ ಕಾರಣವಿತ್ತು ಎಂದು ಆಕ್ಷೇಪಿಸಬಹುದು. ಆದರೆ ಹಾಗೆ ಯಾವ ಲಾಭವೂ ಇಲ್ಲದ ಕ್ರಾಪರ್ ಕೂಡ ಇದೇ ಪ್ರಸಂಗವನ್ನು ಹೇಳಿದ್ದಾರೆ. ಸಾಕ್ಷ್ಯಕ್ಕೆ ತೂಕ ಬರುವುದು ಅಲ್ಲಿ.

ಮೂರನೆಯ ಆಧಾರ ಅದೇ ಊರಿನ ಇನ್ನೊಂದು ಸ್ಟುಡಿಯೊ. ಈ ಚರ್ಚೆಯಲ್ಲಿ ಅದು ಹೆಚ್ಚಾಗಿ ಬರದಿರುವುದು ನನಗೆ ಅಚ್ಚರಿಯ ಸಂಗತಿ. ಹೈ ರೆಕಾರ್ಡ್ಸ್ ಕಂಪನಿಯ ರಾಯಲ್ ಸ್ಟುಡಿಯೊ ಕೂಡ ಹಳೆಯ ಚಿತ್ರಮಂದಿರವೇ. ಅಲ್ಲಿಯೂ ನೆಲ ಇಳಿಜಾರು. ಸ್ಯಾಟಲೈಟ್ ದಿನಗಳಲ್ಲಿ ಮೆಕ್‌ಲೆಮೋರ್‌ನಲ್ಲಿ ಡ್ರಮ್ ನುಡಿಸಿದ ಹೊವರ್ಡ್ ಗ್ರೈಮ್ಸ್ ಮುಂದೆ ರಾಯಲ್‌ನ ಖಾಯಂ ಡ್ರಮ್ಮರ್ ಆದರು. ಸ್ವತಃ ಅಲ್ ಜಾಕ್ಸನ್ ಅಲ್ಲಿಗೆ ಹೋಗಿ ಅಲ್ ಗ್ರೀನ್ ಅವರ ‘ಲೆಟ್ಸ್ ಸ್ಟೇ ಟುಗೆದರ್’ಗೆ ನುಡಿಸಿದರು, ಅದರ ರಚನೆಯಲ್ಲೂ ಪಾಲು ಪಡೆದರು. ಒಂದೇ ನಗರ, ಒಂದೇ ಬಗೆಯ ಕಟ್ಟಡ, ಒಬ್ಬನೇ ಡ್ರಮ್ಮರ್. ಆದರೂ ರಾಯಲ್‌ನ ನಿರ್ಮಾಪಕ ವಿಲ್ಲಿ ಮಿಚೆಲ್ ಅವರ ಕೈಯಲ್ಲಿ ಮೂಡಿದ ನಾದ ಬೇರೆ: ಮೆತ್ತಗೆ, ಕಿವಿಯ ಪಕ್ಕದಲ್ಲೇ ನುಡಿಸಿದ ಹಾಗೆ ಹತ್ತಿರ. ಇಳಿಜಾರು ನೆಲವೇ ಲಯವನ್ನು ತೀರ್ಮಾನಿಸುವುದಾಗಿದ್ದರೆ ಈ ಎರಡು ಹಾಲ್‌ಗಳ ಹಾಡುಗಳು ಇದಕ್ಕಿಂತ ಹತ್ತಿರದ ಬಂಧುಗಳಾಗಬೇಕಿತ್ತು.

ಹಾಗಾದರೆ ಹಾಲ್‌ಗೆ ಪಾತ್ರವೇ ಇಲ್ಲವೆ? ಇದೆ. ಸ್ಟ್ಯಾಕ್ಸ್ ವಾದಕರೇ ಅದಕ್ಕೆ ಮನ್ನಣೆ ಕೊಟ್ಟಿದ್ದಾರೆ, ಅವರ ಮಾತನ್ನು ತಳ್ಳಿಹಾಕುವ ಉದ್ದೇಶ ನನಗಿಲ್ಲ. ಮೋನೊ ಯಂತ್ರದಲ್ಲಿ ಮುದ್ರಣ ಮುಗಿದ ಮೇಲೆ ತಿದ್ದಲು ಬರುವುದಿಲ್ಲ. ಹಾರ್ನ್ ತಂಡ ಜೋರಾಯಿತು, ಗಾಯಕನ ದನಿ ಅಡಗಿತು ಎಂದರೆ ಹಾಡನ್ನು ಮೊದಲಿನಿಂದ ನುಡಿಸಬೇಕು. ಆದ್ದರಿಂದ ಟ್ರಂಪೆಟ್‌ನ ವೇಯ್ನ್ ಜಾಕ್ಸನ್, ಸ್ಯಾಕ್ಸೊಫೋನ್‌ನ ಆಂಡ್ರ್ಯೂ ಲವ್ ಮೊದಲಾದವರು ಗಾಯಕನ ಸಾಲು ಮುಗಿಯುವ ತನಕ ಕಾದು, ಎರಡೇ ಸ್ವರದಲ್ಲಿ ಉತ್ತರಿಸಿ ಸುಮ್ಮನಾಗುವುದು ಕಲೆಯೂ ಹೌದು, ಅನಿವಾರ್ಯವೂ ಹೌದು. ಮೈಕ್‌ನಿಂದ ಮೈಕ್‌ಗೆ ಸದ್ದು ಸೋರುವ ಹಾಲ್‌ನಲ್ಲಿ ಮಿಕ್ಸಿಂಗ್ ನಡೆಯುತ್ತಿದ್ದದ್ದು ವಾದಕರ ಬೆರಳು, ತುಟಿಗಳಲ್ಲೇ. ಹೆಡ್‌ಫೋನ್ ಇಲ್ಲದ ಕಡೆ ಒಬ್ಬರ ಕೈಯನ್ನು ಇನ್ನೊಬ್ಬರು ಕಣ್ಣಿಟ್ಟು ನೋಡುವುದೂ ರೂಢಿಯಾಗುತ್ತದೆ.

ನನ್ನ ಮುಖ್ಯ ಪ್ರಮೇಯ ಇದು: ಹಾಲ್ ಕೊಟ್ಟದ್ದು ತಡವನ್ನಲ್ಲ, ತಡವನ್ನು ಒಟ್ಟಿಗೆ ನುಡಿಸಬಲ್ಲ ಕಣ್ಣಿನ ಅಭ್ಯಾಸವನ್ನು. ಐದು ವರ್ಷ ಕಿವಿಗಿಂತ ಕಣ್ಣನ್ನು ನಂಬಿ ನುಡಿಸಿದ ತಂಡವಾದ್ದರಿಂದಲೇ, ಒಬ್ಬರು ಕುಣಿದು ತೋರಿಸಿದ್ದನ್ನು ಅದು ಅಲ್ಲೇ ಲಯಕ್ಕೆ ಇಳಿಸಿಕೊಂಡಿತು. ಇದನ್ನು ಖಚಿತ ತೀರ್ಮಾನವೆಂದು ಮುಂದಿಡುತ್ತಿಲ್ಲ. 1965ಕ್ಕೆ ಮುಂಚೆಯೂ ಜಾಕ್ಸನ್ ಅವರ ಸ್ನೇರ್ ಅಲ್ಲಲ್ಲಿ ಹಿಂದೆ ಬಿದ್ದಿರಬಹುದು. ಬ್ಲೂಸ್ ನುಡಿಸುವ ಯಾವ ಡ್ರಮ್ಮರ್‌ಗೂ ಅದು ಹೊಸದಲ್ಲ. ವೆಕ್ಸ್‌ಲರ್ ಕಲಿಸಿದ್ದು ಹೊಸ ವಿದ್ಯೆ ಎನ್ನುವುದಕ್ಕಿಂತ, ಇದ್ದ ಒಲವೊಂದು ಅಂದು ನಿಯಮವಾಯಿತು ಎನ್ನುವುದು ಹೆಚ್ಚು ಸುರಕ್ಷಿತ. ಅಲ್ಲದೆ ಕಣ್ಣಿನ ಅಭ್ಯಾಸ ಬೇರೆ ಸ್ಟುಡಿಯೊಗಳಲ್ಲೂ ಇದ್ದೇ ಇತ್ತು. ಸ್ಟ್ಯಾಕ್ಸ್‌ನಲ್ಲಿ ಅದು ಅಷ್ಟು ಆಳವಾಗಿ ಬೇರೂರಲು ಅದೇ ನಾಲ್ಕೈದು ಮಂದಿ ದಿನವೂ ಅದೇ ಜಾಗದಲ್ಲಿ ಕೂಡುತ್ತಿದ್ದದ್ದು ಹಾಲ್‌ನಷ್ಟೇ ದೊಡ್ಡ ಕಾರಣ.

ಈ ಪ್ರಮೇಯ ಸರಿಯಿದ್ದರೆ ಕಂಪನಿಯ ಮುಂದಿನ ಚರಿತ್ರೆಯನ್ನೂ ಬೇರೆಯಾಗಿ ಓದಬೇಕಾಗುತ್ತದೆ. ಅಟ್ಲಾಂಟಿಕ್‌ನ ಎಂಜಿನಿಯರ್ ಟಾಮ್ ಡೌಡ್ 1965ರಲ್ಲಿ ಎರಡು ಟ್ರ್ಯಾಕ್ ಯಂತ್ರ ಕೂರಿಸಿದರು, ಆಮೇಲೆ ಟ್ರ್ಯಾಕ್‌ಗಳು ಹೆಚ್ಚುತ್ತ ಹೋದವು. 1967ರ ಡಿಸೆಂಬರ್ 10ರಂದು ಓಟಿಸ್ ರೆಡಿಂಗ್ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ, ರೆಡಿಂಗ್ ಅವರ ಕೊನೆಯ ಹಾಡಿಗೆ ಕ್ರಾಪರ್ ಅಲೆಗಳ ಮತ್ತು ಕಡಲಹಕ್ಕಿಗಳ ಸದ್ದನ್ನು ಸೇರಿಸಿದರು. ಹಾಲ್‌ನಲ್ಲಿ ಎಂದೂ ಕೇಳದಿದ್ದ ಸದ್ದನ್ನು ಹಾಡಿನೊಳಗೆ ತರುವ ಅನುಕೂಲ ಅಷ್ಟರಲ್ಲಿ ಬಂದಿತ್ತು. ಅಟ್ಲಾಂಟಿಕ್‌ನಿಂದ ಬೇರೆಯಾದಾಗ ಹಳೆಯ ಮಾಸ್ಟರ್‌ಗಳ ಹಕ್ಕೂ ಕೈತಪ್ಪಿತು. ಖಾಲಿಯಾದ ಪಟ್ಟಿಯನ್ನು ತುಂಬಲು ಸ್ಟ್ಯಾಕ್ಸ್‌ನ ಮುಖ್ಯಸ್ಥರಲ್ಲೊಬ್ಬರಾದ ಅಲ್ ಬೆಲ್ 1969ರಲ್ಲಿ 27 ಆಲ್ಬಮ್‌ಗಳನ್ನು ಒಮ್ಮೆಗೇ ಹೊರತಂದರು. ಒಂದು ಸ್ಟುಡಿಯೊಗೆ ಆಗುವ ಕೆಲಸ ಅದಲ್ಲ. ಐಸಾಕ್ ಹೇಯ್ಸ್ ಅವರ ‘ಹಾಟ್ ಬಟರ್ಡ್ ಸೋಲ್’ ಮೆಂಫಿಸ್‌ನ ಆರ್ಡೆಂಟ್ ಸ್ಟುಡಿಯೊದಲ್ಲಿ ಮುದ್ರಣವಾಯಿತು. ಅದರ ತಂತಿವಾದ್ಯಗಳನ್ನು ಡೆಟ್ರಾಯಿಟ್‌ನಲ್ಲಿ ಸೇರಿಸಿದರು. ಸ್ಟೇಪಲ್ ಸಿಂಗರ್ಸ್ ಅವರ ‘ಐ’ಲ್ ಟೇಕ್ ಯು ದೇರ್’ ಅಲಬಾಮಾದ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೊದಲ್ಲಿ, ರೋಜರ್ ಹಾಕಿನ್ಸ್ ಡ್ರಮ್ಸ್ ಮತ್ತು ಡೇವಿಡ್ ಹುಡ್ ಬೇಸ್‌ನೊಂದಿಗೆ ಸಿದ್ಧವಾಗಿ 1972ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಇದನ್ನು ತವರು ಬಿಟ್ಟ ಕಥೆಯೆಂದು ದುಃಖಿಸುವ ಬರವಣಿಗೆ ಸಾಕಷ್ಟಿದೆ. ನನಗೆ ಹಾಗನ್ನಿಸುವುದಿಲ್ಲ. ಎಲ್ಲರೂ ಒಂದೇ ಹೊತ್ತಿಗೆ ನುಡಿಸಲೇಬೇಕೆಂಬ ಕಟ್ಟು ಸಡಿಲವಾದ ದಿನವೇ ಮೆಕ್‌ಲೆಮೋರ್‌ನ ಅನಿವಾರ್ಯತೆಯೂ ಸಡಿಲವಾಗಿತ್ತು.

ಉಳಿದಿರುವ ಪ್ರಶ್ನೆಗಳು ಚಿಕ್ಕವಲ್ಲ. 1962ರಿಂದ 1965ರ ಸೆಷನ್‌ಗಳ ಬಳಸದ ಟೇಕ್‌ಗಳನ್ನು ಸಾಲಾಗಿಟ್ಟು ಸ್ನೇರ್ ಪೆಟ್ಟುಗಳನ್ನು ಅಳೆದರೆ, ತಡ ಮೇ ತಿಂಗಳಲ್ಲಿ ಥಟ್ಟನೆ ಬಂತೋ ಮೆಲ್ಲಗೆ ಒಳಸೇರಿತೋ ತಿಳಿಯುತ್ತಿತ್ತು. ಆದರೆ 1978ರಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನ ಗೋದಾಮಿಗೆ ಬೆಂಕಿ ಬಿದ್ದು ಅಟ್ಲಾಂಟಿಕ್ ಸಂಗ್ರಹದ ಇಂಥ ಟೇಪುಗಳಲ್ಲಿ ಬಹುಪಾಲು ಸುಟ್ಟುಹೋದವು. ಮೂಲ ಹಾಲ್ ನೆಲಸಮವಾಗಿರುವುದರಿಂದ ಅದರ ಅನುರಣನವನ್ನು ನೇರವಾಗಿ ಅಳೆಯುವಂತಿಲ್ಲ. ಮರುನಿರ್ಮಾಣದ ಅಳತೆ ಮೂಲಕ್ಕೆ ಪ್ರಮಾಣವಾಗದು. ರಾಯಲ್ ಮಾತ್ರ ಇನ್ನೂ ನಿಂತಿದೆ, ಇಂದಿಗೂ ಅಲ್ಲಿ ಮುದ್ರಣ ನಡೆಯುತ್ತಿದೆ. ಇಬ್ಬರು ವಾದಕರನ್ನು ಆ ನೆಲದ ಮೇಲೆ 7 ಮೀಟರ್ ದೂರ ನಿಲ್ಲಿಸಿ, ನಡುವೆ ತೆರೆಯಿಟ್ಟು ಒಮ್ಮೆ, ತೆರೆ ತೆಗೆದು ಒಮ್ಮೆ ನುಡಿಸಿದರೆ ಕಿವಿಯ ಪಾಲೆಷ್ಟು, ಕಣ್ಣಿನ ಪಾಲೆಷ್ಟು ಎಂದು ಸ್ವಲ್ಪಮಟ್ಟಿಗಾದರೂ ಬೇರ್ಪಡಿಸಬಹುದು. ಇಲ್ಲಿನ ಪ್ರಮೇಯವನ್ನು ತಪ್ಪೆಂದು ತೋರಿಸಲೂ ಅದೇ ಪ್ರಯೋಗ ಸಾಕು.