ನೀರಿನ ವಿದ್ಯುದ್ವಿಭಜನೆಯ ಸ್ಟ್ಯಾಕ್: ಪೇಟೆಂಟ್ ಅರ್ಹತೆ

ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯುವ ಕೋಶಗಳನ್ನು ಒತ್ತಾಗಿ ಪೇರಿಸಿದ ಜೋಡಣೆಯೇ ಸ್ಟ್ಯಾಕ್. ಪೇಟೆಂಟ್ ಕಾಯ್ದೆ, 1970ರ ಪ್ರಕಾರ ಅದರಲ್ಲಿ ಹೊಸತನ, ಆವಿಷ್ಕಾರದ ಹೆಜ್ಜೆ, ಕೈಗಾರಿಕಾ ಉಪಯೋಗ ಮೂರೂ ಇರಬೇಕು. ನಿಜವಾದ ತೊಡಕು ಸೆಕ್ಷನ್ 3(ಎಫ್): ತಮ್ಮಷ್ಟಕ್ಕೆ ತಾವು ಕೆಲಸ ಮಾಡುವ, ಮೊದಲೇ ಗೊತ್ತಿರುವ ಸಾಧನಗಳ ಬರೀ ಮರುಜೋಡಣೆ ಆವಿಷ್ಕಾರವಲ್ಲ. ಹತ್ತು ಕೋಶವಿದ್ದಲ್ಲಿ ಇಪ್ಪತ್ತು ಪೇರಿಸಿದರೆ ಸಾಲದು. ಕೋಶಗಳ ನಡುವಿನ ತಟ್ಟೆಯಲ್ಲಿ ಕೊರೆದ ಸಣ್ಣ ಕಾಲುವೆಗಳಿಗೆ ಗುಳ್ಳೆ ಕಟ್ಟಿಕೊಳ್ಳದಂಥ ಹೊಸ ಹಾದಿ ಕೊಟ್ಟು, ಅದರಿಂದ ವಿದ್ಯುತ್ ಉಳಿಯುವುದನ್ನು ತೋರಿಸಿದರೆ ಅರ್ಜಿಗೆ ಬಲ ಬರುತ್ತದೆ. ಹೊರನೋಟಕ್ಕೆ ಮಾತ್ರ ರಕ್ಷಣೆ ಬೇಕಾದರೆ ವಿನ್ಯಾಸ ಕಾಯ್ದೆ, 2000 ಇದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಸಂಶೋಧಕರ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಪೇಟೆಂಟಿನ ಅವಧಿ ಅರ್ಜಿಯ ದಿನದಿಂದ 20 ವರ್ಷ.